ವಿದೇಶ ವ್ಯಾಪಾರ ಪ್ರವಾಸ: ಹೊಟ್ಟೆಯ ಕಾಯಿಲೆಗೆ ಮುನ್ನೆಚ್ಚರಿಕೆ ಮತ್ತು ಉಪಚಾರ

ಚೀನಾದ ಗುವಾಂಗ್‌ಝೌ ನಗರದಲ್ಲಿ 1957ರಿಂದ ನಡೆದುಬಂದಿರುವ ಕ್ಯಾಂಟನ್ ಮೇಳವು ವರ್ಷಕ್ಕೆ ಎರಡು ಬಾರಿ, ಮೂರು ಹಂತಗಳಲ್ಲಿ ಏರ್ಪಡುತ್ತದೆ. ಒಂದೊಂದು ಹಂತದ ಅವಧಿ ಐದೇ ದಿನ. ಯಂತ್ರೋಪಕರಣ ನೋಡಲು ಹೋದವರಿಗೆ ಮೊದಲ ಹಂತ ಮುಗಿದ ಮೇಲೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ. ವಿಮಾನದ ಟಿಕೆಟ್, ವೀಸಾ, ಹೋಟೆಲು, ದುಭಾಷಿಯ ದಿನಗೂಲಿ ಇವೆಲ್ಲವೂ ಮೊದಲೇ ಪಾವತಿಯಾಗಿರುತ್ತವೆ. ಇಂತಹ ಐದು ದಿನಗಳಲ್ಲಿ ಎರಡು ದಿನ ವಾಂತಿ ಭೇದಿಯಿಂದ ಹೋಟೆಲಿನ ಕೋಣೆಯಲ್ಲೇ ಕಳೆದುಹೋದರೆ ಪ್ರವಾಸದ ವೆಚ್ಚದಲ್ಲಿ ಐದನೇ ಎರಡು ಪಾಲು ನೇರವಾಗಿ ನಷ್ಟದ ಲೆಕ್ಕಕ್ಕೆ ಸೇರುತ್ತದೆ. ಉಳಿದ ದಿನಗಳಲ್ಲಿ ನಿತ್ರಾಣ ಸ್ಥಿತಿಯಲ್ಲಿ ಮಾದರಿಯನ್ನು ಸರಿಯಾಗಿ ಪರೀಕ್ಷಿಸದೆ ಹಾಕಿದ ಸಹಿಯ ನಷ್ಟ ಇದಕ್ಕಿಂತ ದೊಡ್ಡದಾಗಿರಬಹುದು.

ಹೀಗಿದ್ದರೂ ಪ್ರವಾಸದ ಸಿದ್ಧತೆಯಲ್ಲಿ ವಿಸಿಟಿಂಗ್ ಕಾರ್ಡಿಗೆ ಕೊಡುವಷ್ಟು ಗಮನವನ್ನೂ ಹೊಟ್ಟೆಗೆ ಕೊಡುವವರು ವಿರಳ. ನಮ್ಮ ದೇಶದ ನೀರು ಕುಡಿದು ಬೆಳೆದವರಿಗೆ ಹೊರದೇಶದ ನೀರು ಏನೂ ಮಾಡದು ಎಂಬ ನಂಬಿಕೆ ವರ್ತಕ ಸಮುದಾಯದಲ್ಲಿ ಬಲವಾಗಿದೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಬಾಲ್ಯದಿಂದ ಎದುರಿಸಿದ ರೋಗಾಣುಗಳ ವಿರುದ್ಧ ದೇಹದಲ್ಲಿ ಒಂದಷ್ಟು ರಕ್ಷಣೆ ಬೆಳೆದಿರುತ್ತದೆ; ಆದರೆ ಆ ರಕ್ಷಣೆ ಪರಿಚಿತ ತಳಿಗಳಿಗೆ ಮಾತ್ರ ಸಲ್ಲುತ್ತದೆ. ಒಂದೇ ಜಾತಿಯ ಬ್ಯಾಕ್ಟೀರಿಯಾದ ಬೇರೆ ತಳಿ ಬೇರೆ ದೇಶದಲ್ಲಿ ಇರುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಎರಡು ವಾರಗಳ ಪ್ರವಾಸದಲ್ಲಿ, ಹೋಗುವ ಸ್ಥಳವನ್ನು ಅವಲಂಬಿಸಿ, ಶೇಕಡ 30ರಿಂದ 70ರಷ್ಟು ಪ್ರಯಾಣಿಕರಿಗೆ ಅತಿಸಾರ ತಗಲುತ್ತದೆಂದು ಹೇಳುತ್ತದೆ. ಈ ಅಂಕಿಗಳು ಮುಖ್ಯವಾಗಿ ಪಾಶ್ಚಾತ್ಯ ಪ್ರಯಾಣಿಕರಿಗೆ ಸಂಬಂಧಿಸಿದವು ಎಂಬುದನ್ನು ಗಮನದಲ್ಲಿಡಬೇಕು. ಅವನ್ನು ಹಾಗೆಯೇ ಭಾರತೀಯರಿಗೆ ಅನ್ವಯಿಸಲಾಗದು. ಆದರೆ ಭಾರತೀಯರು ಸುರಕ್ಷಿತರು ಎಂಬ ಅರ್ಥವನ್ನೂ ಅವುಗಳಿಂದ ತೆಗೆಯಲಾಗದು.

ಕಾಯಿಲೆಯ ಮೂಲ

ಪ್ರಯಾಣಿಕರ ಅತಿಸಾರದಲ್ಲಿ ಶೇಕಡ 80ರಿಂದ 90ರಷ್ಟು ಬ್ಯಾಕ್ಟೀರಿಯಾದಿಂದ ಬರುವಂಥದು. ವಿಷವನ್ನು ಸ್ರವಿಸುವ ಇ. ಕೋಲಿ ತಳಿಗಳು, ಕ್ಯಾಂಪೈಲೋಬ್ಯಾಕ್ಟರ್, ಶಿಗೆಲ್ಲಾ, ಸಾಲ್ಮೊನೆಲ್ಲಾ ಇವುಗಳಲ್ಲಿ ಮುಖ್ಯವಾದವು. ನೋರೋವೈರಸ್‌ನಂತಹ ವೈರಾಣುಗಳಿಂದ ಬಂದದ್ದು ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಬ್ಯಾಕ್ಟೀರಿಯಾದಿಂದ ಬಂದದ್ದು ಚಿಕಿತ್ಸೆಯಿಲ್ಲದಿದ್ದರೆ ಮೂರರಿಂದ ಏಳು ದಿನ ಇರುತ್ತದೆ. ಜಿಯಾರ್ಡಿಯಾ ಮುಂತಾದ ಪರೋಪಜೀವಿಗಳು ದೇಹವನ್ನು ಹೊಕ್ಕ ಒಂದು ವಾರಕ್ಕೂ ಮೇಲ್ಪಟ್ಟು ಕಾಣಿಸಿಕೊಂಡು ತಿಂಗಳುಗಟ್ಟಲೆ ಕಾಡಬಲ್ಲವು.

ಕಾಯಿಲೆ ಬಂದ ಸಮಯವೇ ಕಾರಣದ ಸುಳಿವನ್ನು ಕೊಡುತ್ತದೆ. ಊಟ ಮಾಡಿ ಒಂದರಿಂದ ಆರು ಗಂಟೆಯೊಳಗೆ ವಾಂತಿ ಜೋರಾಗಿ ಆರಂಭವಾದರೆ ಅದು ಆಹಾರದಲ್ಲಿ ಮೊದಲೇ ಉತ್ಪತ್ತಿಯಾಗಿದ್ದ ವಿಷದ ಪರಿಣಾಮವಾಗಿರುವ ಸಂಭವ ಹೆಚ್ಚು. ಇಂತಹ ಸಂದರ್ಭದಲ್ಲಿ ಆಂಟಿಬಯಾಟಿಕ್ ನುಂಗಿ ಪ್ರಯೋಜನವಿಲ್ಲ. ಕೊಲ್ಲಬೇಕಾದ ರೋಗಾಣು ಅಲ್ಲಿಲ್ಲ, ಇರುವುದು ವಿಷ ಮಾತ್ರ. ಒಂದರಿಂದ ಮೂರು ದಿನಗಳ ಅಂತರದಲ್ಲಿ ಬಂದರೆ ಬ್ಯಾಕ್ಟೀರಿಯಾದ ಕಡೆಗೆ ಸಂಶಯ ತಿರುಗುತ್ತದೆ.

ನೀರು ಮತ್ತು ಊಟ

ಚೀನಾದಲ್ಲಿ ನಲ್ಲಿಯ ನೀರನ್ನು ಅಲ್ಲಿಯವರೂ ನೇರವಾಗಿ ಕುಡಿಯುವುದಿಲ್ಲ. ಕುದಿಸಿದ ನೀರು ಕುಡಿಯುವುದು ಅಲ್ಲಿನ ನಿತ್ಯದ ರೂಢಿ. ಹೋಟೆಲಿನ ಕೋಣೆಗಳಲ್ಲಿ ವಿದ್ಯುತ್ ಕೆಟಲ್ ಸಾಮಾನ್ಯವಾಗಿ ಇರುತ್ತದೆ. ರೈಲುಗಳಲ್ಲಿ ಬಿಸಿನೀರಿನ ಯಂತ್ರವಿರುತ್ತದೆ. ಒಂದು ಸ್ಟೀಲ್ ಫ್ಲಾಸ್ಕ್ ಜತೆಯಲ್ಲಿದ್ದರೆ ನೀರಿನ ಚಿಂತೆಯ ಬಹುಭಾಗ ಅಲ್ಲಿಗೇ ತೀರುತ್ತದೆ. ನೀರು ಚೆನ್ನಾಗಿ ಮರಳಿ ಒಂದು ನಿಮಿಷ ಕುದಿದರೆ ಸಾಕು. ಸಮುದ್ರ ಮಟ್ಟದಿಂದ 2000 ಮೀಟರಿಗಿಂತ ಎತ್ತರದ ಸ್ಥಳಗಳಲ್ಲಿ, ಉದಾಹರಣೆಗೆ ಇಥಿಯೋಪಿಯಾದ ಅಡಿಸ್ ಅಬಾಬದಲ್ಲಿ, ಮೂರು ನಿಮಿಷ ಬೇಕು. ಆಫ್ರಿಕಾ ಹಾಗೂ ಆಗ್ನೇಯ ಏಷ್ಯಾದ ಪಟ್ಟಣಗಳಲ್ಲಿ ಮುಚ್ಚಳದ ಸೀಲ್ ಒಡೆಯದ ಬಾಟಲಿ ನೀರನ್ನೇ ಬಳಸಬೇಕು. ಹಲ್ಲುಜ್ಜಲು ಸಹ ಅದೇ ನೀರು. ಬಾಟಲಿ ನೀರು ಕೇಳಿ ಪಡೆದ ಗ್ರಾಹಕ ಅದೇ ಮೇಜಿನಲ್ಲಿ ಹಣ್ಣಿನ ರಸಕ್ಕೆ ಐಸ್ ಹಾಕಿಸಿಕೊಳ್ಳುವುದು ಸಾಮಾನ್ಯ ದೃಶ್ಯ. ಐಸ್ ಎಂದರೆ ಹೆಪ್ಪುಗಟ್ಟಿದ ನಲ್ಲಿಯ ನೀರೇ ಎಂದು ತಿಳಿಯುವುದು ಕ್ಷೇಮ. ಹೆಪ್ಪುಗಟ್ಟಿದರೆ ರೋಗಾಣು ಸಾಯುವುದಿಲ್ಲ. ಮದ್ಯದಲ್ಲಿ ಮುಳುಗಿದರೂ ಸಾಯುವುದಿಲ್ಲ.

ಆಹಾರದ ವಿಷಯದಲ್ಲಿ ಕುದಿಸು, ಬೇಯಿಸು, ಸಿಪ್ಪೆ ಸುಲಿ, ಇಲ್ಲವಾದರೆ ಬಿಡು ಎಂಬ ಹಳೆಯ ಸೂತ್ರ ಪ್ರಸಿದ್ಧವಾಗಿದೆ. ಸೂತ್ರ ಸರಿಯಾದುದೇ. ಆದರೆ ಅದನ್ನು ಪಾಲಿಸಿದವರೂ ಕಾಯಿಲೆ ಬೀಳುತ್ತಾರೆಂಬುದು ಅಧ್ಯಯನಗಳಿಂದ ತಿಳಿದುಬಂದಿದೆ. ಅಡುಗೆಮನೆಯಲ್ಲಿ ಕೆಲಸ ಮಾಡುವವರ ಕೈ ಸ್ವಚ್ಛವಾಗಿದೆಯೇ ಎಂಬುದು ಗ್ರಾಹಕನ ಹಿಡಿತದಲ್ಲಿಲ್ಲ. ಆದುದರಿಂದ ಎಚ್ಚರಿಕೆಯಿಂದ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಉಪಚಾರದ ಸಿದ್ಧತೆಯೂ ಪೆಟ್ಟಿಗೆಯಲ್ಲಿರಬೇಕೆಂಬುದು ಈ ಕಾರಣದಿಂದಲೇ.

ಸಸ್ಯಾಹಾರಿಗಳಾದ ವರ್ತಕರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಹೊರದೇಶದ ಭೋಜನಕೂಟದಲ್ಲಿ ಸಸ್ಯಾಹಾರವೆಂದು ಮುಂದಿಡುವುದು ಹೆಚ್ಚಾಗಿ ಹಸಿ ತರಕಾರಿಯ ಸಲಾಡ್ ಮತ್ತು ಹೆಚ್ಚಿಟ್ಟ ಹಣ್ಣು. ಇವೆರಡೂ ಬೆಂಕಿ ಕಾಣದ ಪದಾರ್ಥಗಳು. ನಲ್ಲಿಯ ನೀರಿನಲ್ಲಿ ತೊಳೆದು, ಬರಿಗೈಯಲ್ಲಿ ಹೆಚ್ಚಿದವು. ಮಾಂಸಾಹಾರಿ ಸಂಗಡಿಗ ಹೊಗೆಯಾಡುವ ಬಿಸಿ ಊಟ ಮಾಡಿ ಆರೋಗ್ಯವಾಗಿರುವಾಗ ಸಲಾಡ್ ತಿಂದವರು ಮಲಗಿದ ಪ್ರಸಂಗಗಳು ಇದರಿಂದಲೇ ಉಂಟಾಗುತ್ತವೆ. ಸಿಪ್ಪೆಯಿರುವ ಬಾಳೆಹಣ್ಣು, ಕಿತ್ತಳೆ, ಬಿಸಿ ಅನ್ನ, ಆಗತಾನೇ ಹುರಿದ ತರಕಾರಿ, ಬ್ರೆಡ್ಡು ಇವು ಮೇಲು. ಬಫೆ ಊಟದಲ್ಲಿ ಪಾತ್ರೆಯ ಕೆಳಗೆ ಉರಿಯಿದೆ ಎಂದ ಮಾತ್ರಕ್ಕೆ ಪದಾರ್ಥ ಬಿಸಿಯಾಗಿದೆಯೆಂದಲ್ಲ. 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಆಹಾರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬಡಿಸಲು ಆರಂಭಿಸಿದಾಗಲೇ ಊಟಕ್ಕೆ ಹೋಗುವುದು ಒಳ್ಳೆಯದು.

ಮನೆಯಿಂದ ಒಯ್ದ ತಿಂಡಿಯ ಬಗ್ಗೆ ನಗುವ ಕಾರಣವಿಲ್ಲ. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಖಾಕ್ರಾ ಇವು ಒಣ ಪದಾರ್ಥಗಳಾದ್ದರಿಂದ ಕೆಡುವುದಿಲ್ಲ. ಕೆಟಲಿನ ಬಿಸಿನೀರು ಹಾಕಿದರೆ ಅವಲಕ್ಕಿ ಐದು ನಿಮಿಷದಲ್ಲಿ ಉಪಾಹಾರವಾಗುತ್ತದೆ. ಆದರೆ ನಾಲ್ಕೈದು ಜನ ಸೇರಿ ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದು ಸ್ವಂತ ಅಡುಗೆ ಮಾಡಿಕೊಳ್ಳುವ ತಂಡಗಳಲ್ಲಿ ಒಂದು ಅಪಾಯಕರ ಅಭ್ಯಾಸವಿದೆ. ರಾತ್ರಿ ಉಳಿದ ಅನ್ನವನ್ನು ಕುಕ್ಕರಿನಲ್ಲೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವುದೇ ಅದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಉಳಿಯುತ್ತವೆ. ಬೆಚ್ಚಗಿನ ಅನ್ನದಲ್ಲಿ ಅವು ರಾತ್ರಿಯಿಡೀ ಬೆಳೆದು ಬಿಡುವ ವಾಂತಿಕಾರಕ ವಿಷವನ್ನು ಒಗ್ಗರಣೆಯ ಬಿಸಿ ನಾಶಪಡಿಸದು. ಉಳಿದ ಅನ್ನವನ್ನು ಬೇಗನೆ ಆರಿಸಿ ಫ್ರಿಜ್‌ನಲ್ಲಿಡಬೇಕು, ಇಲ್ಲವೇ ಚೆಲ್ಲಬೇಕು.

ಕೈ ತೊಳೆಯುವ ವಿಷಯ ಎಲ್ಲರಿಗೂ ತಿಳಿದದ್ದೇ. ಜೇಬಿನಲ್ಲಿಡುವ ಸ್ಯಾನಿಟೈಸರ್ ನೋರೋವೈರಸ್‌ಗೆ ಅಷ್ಟಾಗಿ ನಾಟುವುದಿಲ್ಲವಾದ್ದರಿಂದ ಸೋಪು ನೀರು ಸಿಕ್ಕಲ್ಲಿ ಅದೇ ಮೊದಲು ಎಂಬಷ್ಟನ್ನು ಮಾತ್ರ ಇಲ್ಲಿ ಹೇಳಿದರೆ ಸಾಕು.

ಮೊದಲ ಮದ್ದು ನೀರು

ಭೇದಿ ಆರಂಭವಾದೊಡನೆ ಹೆಚ್ಚಿನವರು ಕೇಳುವ ಪ್ರಶ್ನೆ ಯಾವ ಮಾತ್ರೆ ನುಂಗಬೇಕು ಎಂಬುದು. ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ನೀರು ಹೋಗಿದೆ, ಎಷ್ಟು ವಾಪಸು ಹೋಗಿದೆ. ಭೇದಿಯಲ್ಲಿ ಪ್ರಾಣಕ್ಕೆ ಅಪಾಯ ತರುವುದು ಬಹುಪಾಲು ನೀರು ಮತ್ತು ಲವಣಗಳ ನಷ್ಟವೇ.

ಈ ನಷ್ಟವನ್ನು ಬಾಯಿಯ ಮೂಲಕವೇ ತುಂಬಬಹುದೆಂಬುದನ್ನು ಭಾರತದ ನೆಲದಲ್ಲೇ ದೊಡ್ಡ ಪ್ರಮಾಣದಲ್ಲಿ ಸಾಧಿಸಿ ತೋರಿಸಲಾಯಿತು. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ರಕ್ತನಾಳಕ್ಕೆ ಕೊಡುವ ದ್ರಾವಣ ಸಾಲದಾಯಿತು. ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಬಾಯಿಯ ಮೂಲಕ ಕುಡಿಸುವ ಏರ್ಪಾಡು ಮಾಡಿದರು. ಸುಮಾರು ಶೇಕಡ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡ 3.6ಕ್ಕೆ ಇಳಿಯಿತು. 2022ರಲ್ಲಿ ನಿಧನರಾದ ಅವರಿಗೆ 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಸಂದಿತು. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸು ಜೋಡಿಯಾಗಿಯೇ ಒಳಕ್ಕೆ ಸಾಗುತ್ತವೆ, ಅವುಗಳ ಹಿಂದೆ ನೀರು ಸಾಗುತ್ತದೆ. ಭೇದಿಯ ಸಮಯದಲ್ಲೂ ಈ ದಾರಿ ಮುಚ್ಚುವುದಿಲ್ಲ. ಬರಿಯ ನೀರಿಗಿಂತ ಜೀವಜಲ ಮೇಲು ಎನ್ನುವುದರ ಗುಟ್ಟು ಇಷ್ಟೇ.

ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರಬೇಕು. ಒಟ್ಟು 20.5 ಗ್ರಾಂ. ಔಷಧದ ಅಂಗಡಿಯಲ್ಲಿ ಓಆರ್‌ಎಸ್ ಪೊಟ್ಟಣ ಕೊಳ್ಳುವಾಗ ತೂಕವನ್ನು ಓದುವುದು ಅವಶ್ಯಕ. 20 ಗ್ರಾಂಗೆ ಮೇಲ್ಪಟ್ಟದ್ದು ಲೀಟರಿಗೆ, ನಾಲ್ಕು ಗ್ರಾಂ ಆಸುಪಾಸಿನದು 200 ಮಿಲಿ ಲೀಟರಿಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಅತಿಯಾಗಿ ಕೇಡಾಗುತ್ತದೆ. ಸಿದ್ಧ ಪೆಟ್ಟಿಗೆಗಳಲ್ಲಿ ಬರುವ ಸಿಹಿ ಪಾನೀಯಗಳು ಬೇರೆಯೇ ವಸ್ತು. ಸೂತ್ರಕ್ಕೆ ಹೊಂದದ ಇಂತಹ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಕೂಡದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಪೊಟ್ಟಣ ಇಲ್ಲದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು ಬೆರೆಸಬೇಕು. ಪ್ರತಿ ಬಾರಿ ಭೇದಿಯಾದ ಮೇಲೆ ವಯಸ್ಕರು 200ರಿಂದ 400 ಮಿಲಿ ಲೀಟರ್, ಅಂದರೆ ಒಂದರಿಂದ ಎರಡು ಲೋಟ ಕುಡಿಯಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮುಂದುವರಿಸಬೇಕು. ಕರಗಿಸಿದ ದ್ರಾವಣವನ್ನು 24 ಗಂಟೆಯ ಮೇಲೆ ಇಡಬಾರದು. ಉಪ್ಪು ಹಾಕಿದ ಗಂಜಿ ಒಳ್ಳೆಯದು. ಕೋಲಾ ಮತ್ತು ಪ್ಯಾಕೆಟ್ ಹಣ್ಣಿನ ರಸದಲ್ಲಿ ಸಕ್ಕರೆ ಅತಿಯಾಗಿರುವುದರಿಂದ ಭೇದಿ ಹೆಚ್ಚಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಇದೆ, ಸೋಡಿಯಂ ಸಾಲದು. ಜೀವಜಲದ ಬದಲಿಗೆ ಅದನ್ನೇ ನಂಬುವಂತಿಲ್ಲ. ಮೂತ್ರ ತಿಳಿಹಳದಿ ಬಣ್ಣಕ್ಕೆ ಮರಳುವುದು ನೀರು ಸಾಕಾಗಿದೆ ಎಂಬುದರ ಗುರುತು.

ಮಾತ್ರೆಗಳ ವಿವೇಚನೆ

ಭೇದಿಯನ್ನು ತಡೆಯುವ ಲೋಪೆರಮೈಡ್ ಮಾತ್ರೆಯು ವಿಮಾನಯಾನ ಅಥವಾ ತಪ್ಪಿಸಲಾಗದ ಸಭೆಯ ದಿನ ಉಪಯುಕ್ತ. ಮೊದಲು 2 ಮಿಲಿ ಗ್ರಾಂನ ಎರಡು ಮಾತ್ರೆ, ಆಮೇಲೆ ಪ್ರತಿ ಭೇದಿಗೆ ಒಂದರಂತೆ, ವೈದ್ಯರ ಸಲಹೆ ಇಲ್ಲದೆ ದಿನಕ್ಕೆ ನಾಲ್ಕು ಮಾತ್ರೆ ಮೀರದಂತೆ, ಎರಡೇ ದಿನ. ಮಲದಲ್ಲಿ ರಕ್ತವಿದ್ದರೆ ಅಥವಾ ಜೋರಾಗಿ ಜ್ವರವಿದ್ದರೆ ಇದನ್ನು ಮುಟ್ಟಕೂಡದು. ಆಗ ಭೇದಿಯನ್ನು ಕಟ್ಟುವುದೆಂದರೆ ರೋಗವನ್ನು ಒಳಗೆ ಕೂಡಿಹಾಕಿದಂತೆ. ಇದು ಮಕ್ಕಳ ಮಾತ್ರೆಯಲ್ಲ.

ಆಂಟಿಬಯಾಟಿಕ್ ವಿಷಯದಲ್ಲಿ ನಮ್ಮವರ ಅಭ್ಯಾಸ ತಿದ್ದಬೇಕಾದದ್ದು. ನಾರ್‌ಫ್ಲಾಕ್ಸಸಿನ್ ಮತ್ತು ಟಿನಿಡಜೋಲ್ ಸೇರಿದ ಮಾತ್ರೆಯ ಪಟ್ಟಿಯನ್ನು ಊರಿನ ಅಂಗಡಿಯಲ್ಲಿ ಕೊಂಡು, ಮೊದಲ ಭೇದಿಗೇ ಎರಡು ಹೊತ್ತು ನುಂಗಿ ನಿಲ್ಲಿಸುವುದು ರೂಢಿಯಾಗಿದೆ. ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಕ್ಯಾಂಪೈಲೋಬ್ಯಾಕ್ಟರ್, ನಾರ್‌ಫ್ಲಾಕ್ಸಸಿನ್ ಮತ್ತು ಸಿಪ್ರೊಫ್ಲಾಕ್ಸಸಿನ್ ವರ್ಗದ ಔಷಧಗಳಿಗೆ ಬಹುಮಟ್ಟಿಗೆ ಜಗ್ಗುವುದಿಲ್ಲ. ಈ ವರ್ಗದ ಔಷಧಗಳು ರಕ್ತದ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಬಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಮಧುಮೇಹಿಗಳು ಇದನ್ನು ಮನಗಾಣಬೇಕು. ಟಿನಿಡಜೋಲ್ ನುಂಗಿ ಸಂಜೆಯ ಕೂಟದಲ್ಲಿ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ಎದೆ ಬಡಿದು, ವಾಂತಿಯಾಗುವ ಸಂಭವವಿದೆ.

2017ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಪ್ರಯಾಣ ವೈದ್ಯರ ಮಾರ್ಗಸೂಚಿಯ ಪ್ರಕಾರ ಸೌಮ್ಯ ಭೇದಿಗೆ ಆಂಟಿಬಯಾಟಿಕ್ ಬೇಡ. ಕೆಲಸಕ್ಕೆ ಹೋಗಲಾಗದಷ್ಟು ತೀವ್ರವಾಗಿದ್ದರೆ, ಅಥವಾ ರಕ್ತ ಬೀಳುತ್ತಿದ್ದರೆ ಬೇಕು, ಅದರಲ್ಲಿ ಅಜಿತ್ರೊಮೈಸಿನ್ ಮೊದಲ ಆಯ್ಕೆ. 1000 ಮಿಲಿ ಗ್ರಾಂ ಒಂದೇ ಬಾರಿ, ಅಥವಾ ದಿನಕ್ಕೆ 500ರಂತೆ ಮೂರು ದಿನ. ಹೃದಯದ ಬಡಿತದಲ್ಲಿ ದೋಷವಿರುವವರಿಗೆ ಇದೂ ಸಲ್ಲದಿರಬಹುದು. ಆದ್ದರಿಂದ ಹೊರಡುವ ಮುನ್ನ ಮನೆಯ ವೈದ್ಯರನ್ನು ಕಂಡು, ಅವರು ಬರೆದುಕೊಟ್ಟದ್ದನ್ನೇ ಒಯ್ಯಬೇಕು. ಕಾಯಿಲೆ ಬರುವ ಮೊದಲೇ ಮುನ್ನೆಚ್ಚರಿಕೆಯೆಂದು ಇವನ್ನು ನುಂಗುವ ಪದ್ಧತಿ ತರವಲ್ಲ. ಆಂಟಿಬಯಾಟಿಕ್ ನುಂಗಿದ ಪ್ರಯಾಣಿಕರು ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳನ್ನು ಕರುಳಿನಲ್ಲಿ ಹೊತ್ತು ಮನೆಗೆ ಮರಳುವ ಸಾಧ್ಯತೆ ಹೆಚ್ಚು.

ನಿತ್ಯ ಮಾತ್ರೆ ನುಂಗುವವರು

ಹೊರದೇಶಕ್ಕೆ ಹೋಗುವ ವರ್ತಕರಲ್ಲಿ ಐವತ್ತು ದಾಟಿದವರು ಅನೇಕರು. ಅವರಲ್ಲಿ ರಕ್ತದೊತ್ತಡ, ಮಧುಮೇಹವಿರುವವರೂ ಅನೇಕರು. ಇವರಿಗೆ ಭೇದಿಯು ಇತರರಿಗಿಂತ ಬೇರೆ ಬಗೆಯ ಅಪಾಯ ಒಡ್ಡುತ್ತದೆ. ಅದರ ಬಗ್ಗೆ ತಿಳಿವಳಿಕೆ ತೀರ ಕಡಿಮೆ. ಟೆಲ್ಮಿಸಾರ್ಟನ್, ಲೊಸಾರ್ಟನ್ ಮುಂತಾದ ರಕ್ತದೊತ್ತಡದ ಮಾತ್ರೆಗಳು, ಹಾಗೂ ಮೂತ್ರ ಹೆಚ್ಚಿಸುವ ಮಾತ್ರೆಗಳು, ದೇಹದಲ್ಲಿ ನೀರು ಬತ್ತಿರುವಾಗ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ನೀರು ಬತ್ತಿ ಮೂತ್ರಪಿಂಡ ಕುಗ್ಗಿದರೆ ಮೆಟ್‌ಫಾರ್ಮಿನ್ ದೇಹದಲ್ಲಿ ಶೇಖರವಾಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಊಟವಿಲ್ಲದೆ ಮುಂದುವರಿಸಿದರೆ ರಕ್ತದಲ್ಲಿ ಆಮ್ಲ ಹೆಚ್ಚುವ ಭಯವಿದೆ, ಅದೂ ಸಕ್ಕರೆಯ ಅಂಕಿ ತೀರ ಹೆಚ್ಚಿಲ್ಲದಿರುವಾಗಲೇ. ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ನೋವಿಗೆಂದು ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಸೇರಿಸಿದರಂತೂ ಮೂತ್ರಪಿಂಡದ ಮೇಲಿನ ಹೊರೆ ಇಮ್ಮಡಿ.

ಕಾಯಿಲೆಯ ದಿನ ಯಾವ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು, ಯಾವಾಗ ಮತ್ತೆ ಆರಂಭಿಸಬೇಕು ಎಂಬುದನ್ನು ಹೊರಡುವ ಮುನ್ನ ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿ ಅದನ್ನು ನಿಲ್ಲಿಸಲೇಕೂಡದು. ಪ್ರಮಾಣದ ಬದಲಾವಣೆಯನ್ನು ವೈದ್ಯರು ಹೇಳಬೇಕು. ಜೀವಜಲದಲ್ಲಿ ಸಕ್ಕರೆ ಇದೆಯೆಂದು ಮಧುಮೇಹಿಗಳು ಅದನ್ನು ಬಿಡುವುದೂ ತಪ್ಪು. ಅದರ ಪ್ರಮಾಣ ಅಲ್ಪ, ಪ್ರಯೋಜನ ದೊಡ್ಡದು. ಗ್ಲೂಕೋಮೀಟರ್ ಜತೆಯಲ್ಲಿದ್ದರೆ ಸಂದೇಹವೇ ಉಳಿಯದು.

ಜ್ವರ ಕೂಡಿದರೆ

ಮಂಗಳೂರಿನ ಗೋಡಂಬಿ ಕಾರ್ಖಾನೆಗಳು ತಾಂಜಾನಿಯಾ, ಐವರಿ ಕೋಸ್ಟ್ ಮುಂತಾದ ದೇಶಗಳ ಕಚ್ಚಾ ಬೀಜವನ್ನು ಆಮದು ಮಾಡಿಕೊಳ್ಳುತ್ತವೆ. ಖರೀದಿಯ ಹಂಗಾಮಿನಲ್ಲಿ ಅಲ್ಲಿಗೆ ಹೋಗುವವರು ನೆನಪಿಡಬೇಕಾದ ಮಾತೊಂದಿದೆ. ಆಫ್ರಿಕಾದಲ್ಲಿ ಪ್ರಬಲವಾಗಿರುವ ಫಾಲ್ಸಿಪಾರಂ ಮಲೇರಿಯಾ ಜ್ವರದೊಂದಿಗೆ ವಾಂತಿ, ಭೇದಿಯ ರೂಪದಲ್ಲೂ ಆರಂಭವಾಗಬಹುದು. ಅದನ್ನು ತಿಂದದ್ದು ಸರಿಹೋಗಲಿಲ್ಲವೆಂದು ತಳ್ಳಿಹಾಕಿ ಎರಡು ದಿನ ಕಳೆದರೆ ಮಿದುಳಿಗೆ, ಮೂತ್ರಪಿಂಡಕ್ಕೆ ತಗಲಿ ಪ್ರಾಣಾಪಾಯವಾದೀತು. ಅಲ್ಲಿ ಇರುವಾಗಲಾಗಲಿ, ಮರಳಿದ ಕೆಲವು ತಿಂಗಳವರೆಗಾಗಲಿ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು, ವೈದ್ಯರಿಗೆ ಪ್ರವಾಸದ ದೇಶದ ಹೆಸರು ಹೇಳಬೇಕು. ಮಲೇರಿಯಾ ತಡೆಯುವ ಮಾತ್ರೆಯನ್ನು ಹೊರಡುವ ಮೊದಲೇ ಆರಂಭಿಸಬೇಕಾಗುತ್ತದೆ.

ಲಸಿಕೆಗಳ ಪೈಕಿ ಟೈಫಾಯ್ಡ್ ಹಾಗೂ ಹೆಪಟೈಟಿಸ್ ಎ ಲಸಿಕೆಗಳನ್ನು ಎರಡು ವಾರ ಮುಂಚಿತವಾಗಿ ಪಡೆಯುವುದು ಹೊಟ್ಟೆಯ ದೃಷ್ಟಿಯಿಂದ ಹಿತ. ಹಳದಿ ಜ್ವರದ ಲಸಿಕೆ ಹೊಟ್ಟೆಗೆ ಸಂಬಂಧಿಸಿದ್ದಲ್ಲವಾದರೂ, ಆ ಜ್ವರವಿರುವ ದೇಶದಿಂದ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಮರಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಮಾಣಪತ್ರ ಲಸಿಕೆಯ ಹತ್ತು ದಿನಗಳ ನಂತರ ಸಿಂಧುವಾಗುತ್ತದೆ.

ಸ್ಥಳ ಯಾವುದೇ ಇರಲಿ, ಈ ಲಕ್ಷಣಗಳಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು: 101 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಮಲದಲ್ಲಿ ರಕ್ತ, ಕುಡಿದದ್ದೆಲ್ಲ ವಾಂತಿಯಾಗುವುದು, ಎಂಟು ಗಂಟೆ ಮೂತ್ರವಿಲ್ಲದಿರುವುದು, ನಿಂತಾಗ ಕಣ್ಣು ಕತ್ತಲೆ ಬರುವುದು, ಮಾತು ತೊದಲುವುದು, ಬಿಡದ ಹೊಟ್ಟೆನೋವು.

ಪೆಟ್ಟಿಗೆ ಮತ್ತು ಕಾಗದಪತ್ರ

ಎಂಟು ಹತ್ತು ಓಆರ್‌ಎಸ್ ಪೊಟ್ಟಣ, ಲೋಪೆರಮೈಡ್, ಪ್ಯಾರಾಸಿಟಮಾಲ್, ವಾಂತಿಗೆ ವೈದ್ಯರು ಬರೆದ ಮಾತ್ರೆ, ಒಂದು ಸರದಿ ಆಂಟಿಬಯಾಟಿಕ್, ಥರ್ಮಾಮೀಟರ್. ಇವು ಕೈಚೀಲದಲ್ಲಿ ಇರಬೇಕು. ವಿಮಾನದ ಹೊಟ್ಟೆಗೆ ಹೋದ ಸೂಟ್‌ಕೇಸು ಎರಡು ದಿನ ತಡವಾಗಿ ಬರುವುದುಂಟು. ಔಷಧಗಳನ್ನು ಮೂಲ ಪಟ್ಟಿಯಲ್ಲೇ, ಔಷಧದ ಮೂಲ ಹೆಸರಿರುವ ವೈದ್ಯರ ಚೀಟಿಯೊಂದಿಗೆ ಒಯ್ಯಬೇಕು. ಡೈಫೆನಾಕ್ಸಿಲೇಟ್ ಇರುವ ಭೇದಿ ಮಾತ್ರೆಯನ್ನು ಮನೆಯಲ್ಲೇ ಬಿಡುವುದು ಲೇಸು; ಅದು ಅಫೀಮಿನ ವರ್ಗಕ್ಕೆ ಸೇರಿದ್ದಾಗಿ ಹಲವು ದೇಶಗಳಲ್ಲಿ ಬಿಗಿ ನಿಯಂತ್ರಣವಿದೆ. ಕೊಡೀನ್, ಟ್ರಾಮಡಾಲ್‌ಗಳಿಗೂ ಇದೇ ಮಾತು. ಯುನೈಟೆಡ್ ಅರಬ್ ಎಮಿರೇಟ್ಸ್, ಸೌದಿ ಅರೇಬಿಯಾಗಳಿಗೆ ಹೋಗುವವರು ಮನೆಯ ತಿಂಡಿ, ಮಸಾಲೆಗಳಲ್ಲಿ ಗಸಗಸೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಲ್ಲಿ ಗಸಗಸೆ ನಿಷಿದ್ಧ. ಜೈಲಿನ ಮಾತು ಬರುತ್ತದೆ.

ಪ್ರವಾಸ ವಿಮೆ ಕೊಳ್ಳುವಾಗ ರಕ್ತದೊತ್ತಡ, ಮಧುಮೇಹಗಳನ್ನು ಮುಚ್ಚಿಡದೆ ನಮೂದಿಸಬೇಕು. ಮುಚ್ಚಿಟ್ಟದ್ದೇ ಪರಿಹಾರ ತಿರಸ್ಕರಿಸಲು ಆಧಾರವಾಗುತ್ತದೆ. ಆಸ್ಪತ್ರೆಗೆ ದಾಖಲಾಗುವ ಮೊದಲು, ಆಗದಿದ್ದರೆ ದಾಖಲಾದ ಕೂಡಲೇ, ವಿಮಾ ಸಂಸ್ಥೆಯ ತುರ್ತು ದೂರವಾಣಿಗೆ ತಿಳಿಸುವಂತೆ ಪಾಲಿಸಿಗಳು ಸಾಮಾನ್ಯವಾಗಿ ವಿಧಿಸುತ್ತವೆ. ಬಿಲ್ಲು, ಪರೀಕ್ಷೆಯ ವರದಿ, ಬಿಡುಗಡೆ ಪತ್ರಗಳನ್ನು ಇಂಗ್ಲಿಷಿನಲ್ಲಿ ಕೇಳಿ ಪಡೆಯಬೇಕು. ಯಂತ್ರ ಅಳವಡಿಸಲು ಅಥವಾ ದುರಸ್ತಿಗಾಗಿ ತಂತ್ರಜ್ಞರನ್ನು ಹೊರದೇಶಕ್ಕೆ ಕಳುಹಿಸುವ ಸಣ್ಣ ಕಾರ್ಖಾನೆಗಳ ಮಾಲೀಕರು ಸ್ವಂತಕ್ಕೆ ಕೊಂಡ ವಿಮೆಯನ್ನು, ಸ್ವಂತಕ್ಕೆ ಕಟ್ಟಿದ ಔಷಧದ ಪೆಟ್ಟಿಗೆಯನ್ನು ಆ ನೌಕರನಿಗೂ ಕೊಡಬೇಕು. ಮೊದಲ ಬಾರಿ ವಿಮಾನ ಹತ್ತಿದ ಹುಡುಗ ಭಾಷೆ ತಿಳಿಯದ ಊರಿನಲ್ಲಿ ಭೇದಿ ಹಿಡಿದರೆ, ಕೆಲಸ ನಿಂತೀತೆಂಬ ಅಂಜಿಕೆಯಿಂದ ಯಾರಿಗೂ ಹೇಳದೆ ಇರುವ ಸಂಭವವೇ ಹೆಚ್ಚು. ದಿನಕ್ಕೊಮ್ಮೆ ಮಾಲೀಕರಿಂದ ಹೋಗುವ ಫೋನಿನಲ್ಲಿ ಯಂತ್ರದ ವಿಚಾರದ ಜತೆಗೆ ಊಟದ ವಿಚಾರವೂ ಇರಲಿ.

ಮರಳಿದ ಮೇಲೆ ಎರಡು ವಾರ ಕಳೆದರೂ ಹೊಟ್ಟೆ ಉಬ್ಬರ, ಸಡಿಲ ಭೇದಿ, ತೂಕ ಇಳಿಕೆ ಮುಂದುವರಿದರೆ ಮಲ ಪರೀಕ್ಷೆ ಮಾಡಿಸಬೇಕು. ಜಿಯಾರ್ಡಿಯಾ ಒಂದೇ ಮಾದರಿಯಲ್ಲಿ ಕಾಣದೆ ಹೋಗಬಹುದಾದ್ದರಿಂದ ಬೇರೆ ಬೇರೆ ದಿನಗಳ ಮೂರು ಮಾದರಿ ಕೊಡುವುದು ವಾಡಿಕೆ.